ಇಳಿತದ ಹೊತ್ತಿನಲ್ಲಿ ಕಡಲ ಪಾಠ

ಘಟ್ಟದ ಮೇಲಿನ ಮಕ್ಕಳು ಕಡಲನ್ನು ನೋಡಿಯೇ ಇಲ್ಲವೆಂದಲ್ಲ. ವರ್ಷಕ್ಕೊಮ್ಮೆ ಶಾಲಾ ಪ್ರವಾಸದ ಬಸ್ಸು ಹೊರಡುತ್ತದೆ. ಇಡಗುಂಜಿ, ಮುರುಡೇಶ್ವರ, ಗೋಕರ್ಣ ಎಂದು ದೇವಸ್ಥಾನಗಳನ್ನು ಮುಗಿಸಿ, ಹೊತ್ತು ಮುಳುಗುವ ಮೊದಲು ಮಕ್ಕಳನ್ನು ಮರಳಿನ ಮೇಲೆ ಇಳಿಸುತ್ತಾರೆ. ಅರ್ಧ ಗಂಟೆ ಕುಣಿದಾಟ, ಒದ್ದೆ ಬಟ್ಟೆ, ಜೇಬಿನ ತುಂಬ ಕಪ್ಪೆಚಿಪ್ಪು, ಮತ್ತೆ ಬಸ್ಸು. ಮನೆಗೆ ಬಂದ ಮಗುವನ್ನು "ಕಡಲಲ್ಲಿ ಏನು ನೋಡಿದೆ?" ಎಂದು ಕೇಳಿದರೆ "ನೀರು" ಎಂಬ ಉತ್ತರ ಬರುತ್ತದೆ. ತಪ್ಪು ಮಗುವಿನದಲ್ಲ. ನಾವು ತೋರಿಸಿದ್ದೇ ಅಷ್ಟು.

2025ರ ಫೆಬ್ರವರಿಯಲ್ಲಿ, ಭಾರತ ಹುಣ್ಣಿಮೆ ಕಳೆದು ಮೂರನೆಯ ದಿನ, ಸಿರಸಿ ತಾಲೂಕಿನ ಒಂದು ಚಿಕ್ಕ ಪ್ರಾಥಮಿಕ ಶಾಲೆಯ 22 ಮಕ್ಕಳ ಜೊತೆ ಕುಮಟೆಯ ಕಡಲ ದಂಡೆಯಲ್ಲಿ ಒಂದು ಬೆಳಗು ಕಳೆಯುವ ಅವಕಾಶ ನನಗೆ ಒದಗಿತು. ಎಲ್ಲರೂ ನಾಲ್ಕು ಮತ್ತು ಐದನೆಯ ತರಗತಿಯವರು. ಹೆಚ್ಚಿನವರು ಅಡಿಕೆ ತೋಟದ ಮನೆಯವರು ಅಥವಾ ಅದೇ ತೋಟಗಳಿಗೆ ಕೆಲಸಕ್ಕೆ ಹೋಗುವವರ ಮನೆಯವರು. ಅವರನ್ನು ಕರೆತಂದ ಅಕ್ಕೋರು (ನಮ್ಮ ಜಿಲ್ಲೆಯಲ್ಲಿ ಶಿಕ್ಷಕಿಯನ್ನು ಹೀಗೆಯೇ ಕರೆಯುವುದು) ದೇವಸ್ಥಾನದ ಪಟ್ಟಿಯನ್ನು ಪಕ್ಕಕ್ಕಿಟ್ಟು ಪಂಚಾಂಗ ನೋಡಿ ದಿನ ಗೊತ್ತು ಮಾಡಿದ್ದರು. ಹಿಂದಿನ ಸಂಜೆಯೇ ದೇವಿಮನೆ ಘಟ್ಟ ಇಳಿದು ಕರಾವಳಿಯ ಒಂದು ಶಾಲೆಯ ಜಗುಲಿಯಲ್ಲಿ ಮಕ್ಕಳನ್ನು ಮಲಗಿಸಿದ್ದರು.

ಕೃಷಿ ಪುಟದಲ್ಲಿ ಕಡಲಿಗೇನು ಕೆಲಸ ಎಂದು ಕೆಲವು ಓದುಗರು ಕೇಳಬಹುದು. ನಾವು ಕವಳಕ್ಕೆ ಹಚ್ಚುವ ಸುಣ್ಣ, ಕರಾವಳಿಯಲ್ಲೂ ಘಟ್ಟದ ಅಂಚಿನಲ್ಲೂ ಬಹುಕಾಲ ಚಿಪ್ಪು ಸುಟ್ಟ ಸುಣ್ಣವೇ ಆಗಿತ್ತು. ಹುಳಿ ಮಣ್ಣಿನ ತೋಟಕ್ಕೆ ಚೆಲ್ಲಿದ್ದೂ ಅದನ್ನೇ. ತೆಂಗಿನ ಬುಡಕ್ಕೆ ಒಣ ಮೀನಿನ ಗೊಬ್ಬರ ಹಾಕುವ ರೂಢಿ ಹಳೆಯದು. ಇವೆಲ್ಲ ಕಡಲಿನಿಂದ ನಮಗೆ ಬಂದದ್ದಾಯಿತು. ನಮ್ಮಿಂದ ಕಡಲಿಗೆ ಹೋಗುವುದೇನು ಎಂಬುದು ಆ ಬೆಳಿಗ್ಗೆ ಗೊತ್ತಾಯಿತು. ಅದನ್ನು ಕಂಡು ಹೇಳಿದವನು ಹತ್ತು ವರ್ಷದ ಒಬ್ಬ ಹುಡುಗ. ಆ ಸಂಗತಿ ಮುಂದೆ ಬರುತ್ತದೆ.

ಪಂಚಾಂಗ ನೋಡಿ ಹೊರಡಿ

ಕಡಲ ಜೀವಿಗಳನ್ನು ನೋಡಬೇಕಾದರೆ ನೀರು ಹಿಂದೆ ಸರಿದಿರಬೇಕು. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವುದು ಉಬ್ಬರ, ಸರಿಯುವುದು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ ಹಿಡಿಯುವುದರಿಂದ ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಚಂದ್ರನೂ ದಿನಕ್ಕೆ ಅಷ್ಟೇ ತಡವಾಗಿ ಮೂಡುತ್ತಾನಲ್ಲವೇ? ನೀರನ್ನು ಎಳೆಯುವುದರಲ್ಲಿ ಅವನ ಪಾಲೇ ದೊಡ್ಡದು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯನೂ ಅದೇ ಸಾಲಿನಲ್ಲಿ ನಿಂತು ಕೈಜೋಡಿಸುವುದರಿಂದ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಚಿಕ್ಕವು. ಕಾರವಾರ, ಕುಮಟೆಗಳ ಕಡೆ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಹೆಚ್ಚೂಕಡಿಮೆ ಆರು ಅಡಿಯ ಅಂತರ ಇರುತ್ತದೆ.

ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳಂದು ಇಳಿತ ನಸುಕಿನ ಐದರ ಸುಮಾರಿಗೂ ಸಂಜೆ ಐದರ ಸುಮಾರಿಗೂ ಬರುತ್ತದೆ. ಕತ್ತಲೆಯಲ್ಲಿ ಮಕ್ಕಳನ್ನು ಬಂಡೆಯ ಮೇಲೆ ಹತ್ತಿಸುವಂತಿಲ್ಲ. ಎರಡು ಮೂರು ದಿನ ಬಿಟ್ಟು ಹೋದರೆ ಅದೇ ಇಳಿತ ಬೆಳಿಗ್ಗೆ ಏಳರ ಹೊತ್ತಿಗೆ ಸಿಗುತ್ತದೆ. ಬಿಸಿಲು ಎಳೆಯದು, ಬಂಡೆ ತಂಪು, ಪ್ರಾಣಿಗಳು ಇನ್ನೂ ಹೊರಗೆ. ಅಕ್ಕೋರು ಮೂರನೆಯ ದಿನ ಆರಿಸಿದ್ದರ ಗುಟ್ಟು ಇಷ್ಟೇ. ಭತ್ತದ ಬೀಜ ಹಾಕಲು ಮಳೆ ನಕ್ಷತ್ರ ನೋಡುವ ನಮಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಈ ಲೆಕ್ಕ ಗೊತ್ತಿಲ್ಲದೆ ನೀರಿಗಿಳಿದರೆ ಆಗುವ ಅನಾಹುತ ಸಣ್ಣದಲ್ಲ. 2024ರ ಡಿಸೆಂಬರಿನಲ್ಲಿ ಬಯಲುಸೀಮೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಆ ಮನೆಗಳ ಸಂಕಟವನ್ನು ನೆನೆದರೆ ಪ್ರವಾಸವೇ ಬೇಡ ಎನಿಸುವುದು ಸಹಜ. ಆದರೆ ಕಡಲು ಅಲ್ಲೇ ಇರುತ್ತದೆ, ಮಕ್ಕಳು ಇಂದಲ್ಲ ನಾಳೆ ಅಲ್ಲಿಗೆ ಹೋಗಿಯೇ ಹೋಗುತ್ತಾರೆ. ಆದ್ದರಿಂದ ಅಕ್ಕೋರ ಮೊದಲ ಪಾಠ ನೀರಿಗಿಳಿಯದೆ ನಡೆಯಿತು. ದಂಡೆಯ ಎತ್ತರದಲ್ಲಿ ಮಕ್ಕಳನ್ನು ಕೂರಿಸಿ ಕಾಲು ಗಂಟೆ ಅಲೆಗಳನ್ನು ನೋಡಿಸಿದರು. ಎಲ್ಲೆಡೆ ಅಲೆ ಬಿಳಿ ನೊರೆಯಾಗಿ ಒಡೆಯುತ್ತಿದ್ದರೆ ಒಂದೆಡೆ ಮಾತ್ರ ನೀರು ಸುಮ್ಮನೆ ಮಲಗಿದಂತೆ ಕಾಣುತ್ತಿತ್ತು. "ಆಡುವುದಕ್ಕೆ ಎಲ್ಲಿ ಚೆಂದ?" ಎಂದು ಕೇಳಿದಾಗ ಎಲ್ಲರೂ ಆ ಶಾಂತ ಜಾಗವನ್ನೇ ತೋರಿಸಿದರು. ದಂಡೆಗೆ ಬಂದ ನೀರೆಲ್ಲ ಹಿಂದಕ್ಕೆ ಓಡುವ ಓಣಿ ಹಲವು ವೇಳೆ ಅದೇ ಆಗಿರುತ್ತದೆ. ಅದರಲ್ಲಿ ಸಿಕ್ಕವರು ನೇರ ದಂಡೆಯತ್ತ ಈಜಲು ಹೆಣಗಿ ಸೋಲುತ್ತಾರೆ. ದಂಡೆಗೆ ಸಮನಾಗಿ ಅಡ್ಡಕ್ಕೆ ಸರಿದರೆ ಆ ಸೆಳೆತದಿಂದ ಪಾರಾಗಬಹುದು. ಪ್ರಾಥಮಿಕ ಶಾಲೆಯ ಮಕ್ಕಳ ಮಟ್ಟಿಗಂತೂ ಮೊಣಕಾಲಿಗಿಂತ ಮೇಲೆ ನೀರು ಬೇಡವೇ ಬೇಡ. ಐದು ಮಕ್ಕಳಿಗೆ ಒಬ್ಬರಂತೆ ದೊಡ್ಡವರು ನಿಂತಿದ್ದರು. ಕಡಲಿಗೆ ಬೆನ್ನು ಹಾಕಿ ಯಾರೂ ನಿಲ್ಲಬಾರದು ಎಂಬುದು ಎಲ್ಲರಿಗೂ ಕಟ್ಟಪ್ಪಣೆ.

ಕಲ್ಲಿನ ಅಡಿಯ ಸಂಸಾರ

ಬಂಡೆಗಳ ನಡುವಿನ ಕುಳಿಗಳಲ್ಲಿ ಇಳಿತದ ವೇಳೆ ನೀರು ನಿಂತಿರುತ್ತದೆ. ಅನ್ನದ ಹರಿವಾಣದಷ್ಟು ಕೆಲವು, ಬಾನಿಯಷ್ಟು ಕೆಲವು. ಇಂಥ ಒಂದು ಕುಳಿಯ ಸುತ್ತ ಆರೇಳು ಮಕ್ಕಳು ಕುಕ್ಕರುಗಾಲಿನಲ್ಲಿ ಕುಳಿತರು. ಮೊದಲ ಐದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಒಬ್ಬಳು ಕೂಗಿದಳು: "ಅಕ್ಕೋರೇ, ಕಲ್ಲು ಹೂ ಬಿಟ್ಟಿದೆ!"

ಹೂವೇ ಹೌದೆನ್ನುವಂತೆ ಎಸಳು ಬಿಚ್ಚಿಕೊಂಡು ಕುಳಿತಿತ್ತು. ಅದು ಹೂವಲ್ಲ, ಪ್ರಾಣಿ. ಆ ಎಸಳುಗಳಲ್ಲಿ ಚುಚ್ಚುವ ಕಣಗಳಿರುತ್ತವೆ. ತಗುಲಿದ ಸಣ್ಣ ಸೀಗಡಿ ಮರಗಟ್ಟಿ ಅದರ ಬಾಯಿಗೆ ಬೀಳುತ್ತದೆ. ಹುಡುಗಿ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದ್ದೇ ತಡ, ಹೂ ಮುದುಡಿ ಕೆಸರಿನ ಮುದ್ದೆಯಂತಾಯಿತು. ನಮ್ಮ ಮುಟ್ಟಿದರೆ ಮುನಿಯ ಗಿಡಕ್ಕೆ ಇದು ಹತ್ತಿರದ ನೆಂಟನೆಂದು ಮಕ್ಕಳೇ ತೀರ್ಮಾನಿಸಿದರು. ಅಕ್ಕೋರು ತಿದ್ದಲು ಹೋಗಲಿಲ್ಲ. ಅದು ಆಮೇಲಿನ ತರಗತಿಗಳಿಗೆ ಬಿಟ್ಟ ಕೆಲಸ.

ಬಂಡೆಯ ಮೈಮೇಲೆ ಬಿಳಿ ಹರಳುಗಳಂತೆ ಒತ್ತೊತ್ತಾಗಿ ಅಂಟಿದ್ದವು ಬಾರ್ನಕಲ್‌ಗಳು. ಬರಿಗಾಲಿಗೆ ಕೊಯ್ಯುವ ಇವನ್ನು ಕಲ್ಲಿನ ಗಂಟು ಎಂದೇ ಎಲ್ಲರೂ ತಿಳಿದಿದ್ದರು. ಇವು ಏಡಿ ಸೀಗಡಿಗಳ ಕುಲದವು. ಮರಿಯಾಗಿದ್ದಾಗ ನೀರಿನಲ್ಲಿ ಅಲೆದು, ಜಾಗ ಆರಿಸಿ, ತಲೆ ಕೆಳಗಾಗಿ ಅಂಟಿಕೊಂಡು ಸುತ್ತ ಸುಣ್ಣದ ಗೋಡೆ ಕಟ್ಟಿಕೊಳ್ಳುತ್ತವೆ. ಆಮೇಲೆ ಜೀವನಪರ್ಯಂತ ಅಲ್ಲೇ. ನೀರು ಬಂದಾಗ ಬಾಗಿಲು ತೆರೆದು ಕಾಲುಗಳನ್ನು ಬೀಸಿ ನೀರಿನಲ್ಲಿರುವ ಆಹಾರವನ್ನು ಬಾಚಿಕೊಳ್ಳುತ್ತವೆ. "ಕಾಲಿನಿಂದ ಊಟ ಮಾಡುವ ಪ್ರಾಣಿ" ಎಂಬ ಮಾತು ಕೇಳಿ ಎದ್ದ ನಗು ಬಹಳ ಹೊತ್ತು ನಿಲ್ಲಲಿಲ್ಲ.

ಮಕ್ಕಳಿಗೆ ಬಹಳ ಹಿಡಿಸಿದ್ದು ಶಂಖದೊಳಗೆ ಸೇರಿಕೊಂಡ ಏಡಿ. ಪುಸ್ತಕದವರು ಇದನ್ನು ಸನ್ಯಾಸಿ ಏಡಿ ಎನ್ನುತ್ತಾರೆ. ನನ್ನನ್ನು ಕೇಳಿದರೆ ಬಾಡಿಗೆ ಮನೆಯ ಸಂಸಾರಿ ಎನ್ನುವುದೇ ಸರಿ. ಇದರ ಹೊಟ್ಟೆಯ ಭಾಗ ಮೆತ್ತಗೆ, ಅದಕ್ಕೆ ಕವಚವಿಲ್ಲ. ಸತ್ತ ಶಂಖದ ಹುಳು ಬಿಟ್ಟುಹೋದ ಚಿಪ್ಪಿನಲ್ಲಿ ಹಿಂಭಾಗವನ್ನು ತೂರಿಸಿ ಮನೆ ಹೊತ್ತು ತಿರುಗುತ್ತದೆ. ಮೈ ಬೆಳೆದ ಹಾಗೆ ಹಳೆಯ ಮನೆ ಬಿಗಿಯಾಗುತ್ತದೆ, ದೊಡ್ಡದನ್ನು ಹುಡುಕಬೇಕು. ಒಳ್ಳೆಯ ಚಿಪ್ಪಿಗಾಗಿ ಏಡಿಗಳೊಳಗೆ ಜಗಳವೇ ಆಗುತ್ತದೆ.

ಇದನ್ನು ಕೇಳಿದ ಮೇಲೆ ಮೂರನೆಯ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬ ಎದ್ದು ಚಡ್ಡಿಯ ಜೇಬಿನಿಂದ ಶಂಖಗಳನ್ನು ಒಂದೊಂದಾಗಿ ತೆಗೆದು ಕುಳಿಯ ಬದಿಗೆ ಇಡತೊಡಗಿದ. ಯಾರೂ ಹೇಳಿರಲಿಲ್ಲ. ಅವನನ್ನು ನೋಡಿ ಉಳಿದವರೂ ಜೇಬು ಬರಿದು ಮಾಡಿದರು. ಒಬ್ಬಳು ಮಾತ್ರ ತಂಗಿಗೆಂದು ಒಂದನ್ನು ಉಳಿಸಿಕೊಂಡಳು. ಅಕ್ಕೋರು ನೋಡಿಯೂ ನೋಡದಂತೆ ಇದ್ದರು. ಶಂಖ, ಹವಳ, ಸಮುದ್ರ ಬೀಸಣಿಗೆಗಳ ಪೈಕಿ ಹಲವಕ್ಕೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅವನ್ನು ಮಾರುವುದು ಅಪರಾಧ. ಆದರೆ ಆ ಹುಡುಗನ ಜೇಬು ಬರಿದಾದದ್ದು ಕಾಯ್ದೆಯ ಹೆದರಿಕೆಯಿಂದಲ್ಲ.

ಕಲ್ಲು ಮಗುಚಿ ನೋಡುವುದಕ್ಕೂ ಒಂದು ಕ್ರಮವಿದೆ. ಒಬ್ಬ ಮಗು ಕಲ್ಲನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಬೇಕು, ಉಳಿದವರು ಬಗ್ಗಿ ನೋಡಬೇಕು, ಹತ್ತು ಎಣಿಸುವುದರೊಳಗೆ ಕಲ್ಲು ಹಿಂದಿದ್ದಂತೆಯೇ ಕೂರಬೇಕು. ಕಲ್ಲಿನ ಅಡಿಯ ಜೀವಗಳು ನೆರಳು ಮತ್ತು ತೇವದವು. ಮಗುಚಿ ಬಿಟ್ಟುಹೋದರೆ ಅವು ಬಿಸಿಲಿಗೆ ಸಾಯುತ್ತವೆ, ಮೇಲಿನ ಪಾಚಿ ಕೆಳಗಾಗಿ ಕೊಳೆಯುತ್ತದೆ. ತೋಟದಲ್ಲಿ ಮುಚ್ಚಿದ ಸೊಪ್ಪನ್ನು ಬಿಸಿಲಿನಲ್ಲಿ ಕೆದಕಿ ಬಿಟ್ಟರೆ ಎರೆಹುಳಗಳಿಗೆ ಏನಾಗುತ್ತದೆಂದು ಮಕ್ಕಳಿಗೆ ಗೊತ್ತಿತ್ತು. ಹಾಗಾಗಿ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಎರೆಹುಳದ ಮಾತು ಬಂದದ್ದು ಒಳ್ಳೆಯದೇ ಆಯಿತು. ಮರಳಿನ ಮೇಲೆ ಸಾಸಿವೆ, ಮೆಣಸಿನ ಕಾಳಿನಷ್ಟು ಸಾವಿರಾರು ಮರಳಿನ ಉಂಡೆಗಳು ರಂಗೋಲಿಯಂತೆ ಬಿದ್ದಿದ್ದವು. ಅವು ಪುಟ್ಟ ಏಡಿಗಳ ಕೆಲಸ. ಮರಳನ್ನು ಬಾಯಿಗೆ ಹಾಕಿ, ಅದಕ್ಕೆ ಅಂಟಿದ ಆಹಾರವನ್ನು ಸೋಸಿ, ಉಳಿದದ್ದನ್ನು ಉಂಡೆ ಕಟ್ಟಿ ಎಸೆಯುತ್ತವೆ. ಹುಡುಗರು ಇದಕ್ಕೆ ಅಲ್ಲೇ 'ಕಡಲ ಎರೆಹುಳ' ಎಂದು ಹೆಸರಿಟ್ಟರು.

ಬೆಳಚಿನ ಗದ್ದೆ

ಒಂಬತ್ತರ ಹೊತ್ತಿಗೆ ನೀರು ತಿರುಗಿತು. ಅವಲಕ್ಕಿ ತಿಂದು, ಬಸ್ಸು ಹತ್ತಿ, ಅಘನಾಶಿನಿ ನದಿ ಕಡಲು ಸೇರುವ ಕಡೆಗೆ ಹೋದೆವು. ಅಳಿವೆಯ ಒಳಭಾಗಕ್ಕೆ ಉಬ್ಬರ ತಲುಪುವುದು ಸ್ವಲ್ಪ ತಡವಾದ್ದರಿಂದ ಕೆಸರು ದಿಬ್ಬಗಳು ಇನ್ನೂ ತೆರೆದಿದ್ದವು. ಮೊಣಕಾಲುದ್ದದ ನೀರಿನಲ್ಲಿ ಹೆಂಗಸರು ಬುಟ್ಟಿ ತೇಲಿಸಿಕೊಂಡು ಬೆಳಚು ಹೆಕ್ಕುತ್ತಿದ್ದರು.

ಈ ನದಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಸಿರಸಿಯ ಶಂಕರ ಹೊಂಡದ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಇಲ್ಲಿಗೆ ಬರುತ್ತದೆ. ನಡುವೆ ಎಲ್ಲಿಯೂ ಅಣೆಕಟ್ಟಿಲ್ಲ. ಪಶ್ಚಿಮಕ್ಕೆ ಹರಿಯುವ ನದಿಗಳಲ್ಲಿ ಹೀಗೆ ಕಟ್ಟಿಲ್ಲದೆ ಉಳಿದವು ಈಗ ಕಡಿಮೆ. ಉಬ್ಬರದಲ್ಲಿ ಉಪ್ಪುನೀರು ಹಲವು ಕಿಲೋಮೀಟರ್ ಒಳಕ್ಕೆ ಬರುತ್ತದೆ, ಇಳಿತದಲ್ಲಿ ಸಿಹಿನೀರು ಹೊರಕ್ಕೆ ಹೋಗುತ್ತದೆ. ಈ ಬೆರಕೆಯಲ್ಲಿ ಬೆಳಚು, ಸಿಂಪಿ, ಸೀಗಡಿ, ಏಡಿ ಎಲ್ಲ ಸಮೃದ್ಧ. ಕಡಲಲ್ಲಿ ಹುಟ್ಟಿದ ಹಲವು ಜಾತಿಯ ಸೀಗಡಿ, ಮೀನಿನ ಮರಿಗಳು ಬೆಳೆಯುವ ತನಕ ಇಲ್ಲಿನ ಕಾಂಡ್ಲಾ ಗಿಡಗಳ ಬೇರಿನ ಆಸರೆಗೆ ಬರುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಡಲಿನ ಸಸಿಮಡಿ ಇದು. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯ ಸುಮಾರು 4,800 ಹೆಕ್ಟೇರ್ ಪ್ರದೇಶ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಇಲ್ಲಿ ಬೇಸಾಯವೂ ಇದೆ. ಅಳಿವೆಯ ಅಂಚಿನ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಿದ್ದರು. ಉಪ್ಪನ್ನು ಸಹಿಸುವ, ನೆರೆಯಲ್ಲಿ ಮುಳುಗಿದರೂ ಚೇತರಿಸಿಕೊಳ್ಳುವ ತಳಿ. ಗೊಬ್ಬರವಿಲ್ಲ, ಔಷಧಿಯಿಲ್ಲ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸೀಗಡಿ. ಆಮೇಲೆ ಸೀಗಡಿ ಸಾಕಣೆಯ ಕಡೆಗೇ ವಾಲಿದ್ದರಿಂದ ಕಗ್ಗ ಬಹುಮಟ್ಟಿಗೆ ಹಿಂದೆ ಸರಿಯಿತು. ಮಾಣಿಕಟ್ಟಾದಂಥ ಊರುಗಳಲ್ಲಿ ರೈತರು ಕೂಡಿಕೊಂಡು ಇದನ್ನು ಉಳಿಸಿಕೊಂಡಿದ್ದಾರೆ. ಇದರ ಕತೆ ಬೇರೆಯೇ ಲೇಖನದಷ್ಟಿದೆ, ಇನ್ನೊಮ್ಮೆ ನೋಡೋಣ.

ಬೆಳಚು ಹೆಕ್ಕುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಮಕ್ಕಳನ್ನು ಕರೆದು ಬುಟ್ಟಿ ತೋರಿಸಿದರು. ಕೈ ಆಡಿಸುತ್ತಲೇ ಉಗುರಿನಷ್ಟಿದ್ದ ನಾಲ್ಕಾರನ್ನು ತೆಗೆದು ಹಿಂದಕ್ಕೆ ಎಸೆದರು.

"ಯಾಕಜ್ಜಿ ಬಿಸಾಡಿದ್ದು?"

"ಬಿಸಾಡ್ಲಿಲ್ಲ ಮಗಾ, ಬಿತ್ತಿದ್ದು. ಅದು ಬರೋ ವರ್ಷದ್ದು."

ಬೆಳಚು ಮರಳಿನಲ್ಲಿ ಹುದುಗಿ ಕುಳಿತು ಎರಡು ಕೊಳವೆಗಳನ್ನು ಮೇಲಕ್ಕೆ ಚಾಚುತ್ತದೆ. ಒಂದರಿಂದ ನೀರು ಎಳೆದು, ಆಹಾರ ಸೋಸಿ, ಇನ್ನೊಂದರಿಂದ ಹೊರಕ್ಕೆ ಬಿಡುತ್ತದೆ. ದಿನವಿಡೀ ಇದೇ ಉದ್ಯೋಗ. ಹೀಗಾಗಿ ನೀರಿನಲ್ಲಿ ಒಳ್ಳೆಯದು ಬಂದರೂ ಕೆಟ್ಟದ್ದು ಬಂದರೂ ಮೊದಲು ಉಣ್ಣುವುದು ಬೆಳಚೇ. ಹೂಳು ಹೆಚ್ಚಾಗಿ ಬಂದು ಕೂತರೆ ಉಸಿರು ಕಟ್ಟುತ್ತದೆ. ಕಾಲಿಟ್ಟ ಜಾಗ ಬಿಟ್ಟು ಓಡುವ ಶಕ್ತಿ ಅದಕ್ಕಿಲ್ಲ.

"ಮೇಲಿಂದ ಕೆಂಪು ನೀರು ಬಂತು ಅಂದ್ರೆ ನಮಗೆ ಗೊತ್ತಾಗ್ತದೆ, ಗುಡ್ಡ ಬೋಳಿಸಿದ್ರು ಅಂತ," ಎಂದರು ಅಜ್ಜಿ. ಅವರು ಹೇಳಿದ 'ಮೇಲಿಂದ' ಎಂದರೆ ಈ ಮಕ್ಕಳ ಊರು. ಮಕ್ಕಳಿಗೆ ಅದು ಆಗ ಹೊಳೆಯಲಿಲ್ಲ.

ಕಸದ ಗೆರೆ

ಉಬ್ಬರ ತಲುಪಿದ ಕೊನೆಯ ಎಲ್ಲೆಯಲ್ಲಿ ದಂಡೆಯ ಉದ್ದಕ್ಕೂ ಕಸದ ಒಂದು ಗೆರೆ ಬೀಳುತ್ತದೆ. ಮಧ್ಯಾಹ್ನದ ಕೆಲಸ ಅದನ್ನು ಓದುವುದು. ಮಕ್ಕಳು ನಾಲ್ಕು ಗುಂಪಾಗಿ, ಕೈಗೆ ಚೀಲ ಕಟ್ಟಿಕೊಂಡು ಇಪ್ಪತ್ತು ಹೆಜ್ಜೆ ಉದ್ದದ ಒಂದೊಂದು ತುಂಡನ್ನು ವಹಿಸಿಕೊಂಡರು. ಗಾಜು, ಸೂಜಿ ಮುಟ್ಟುವಂತಿಲ್ಲ, ಕಂಡರೆ ದೊಡ್ಡವರನ್ನು ಕರೆಯಬೇಕು. ತೆಂಗಿನ ಸಿಪ್ಪೆ, ಕಾಂಡ್ಲಾ ಬೀಜ, ಏಡಿಯ ಕವಚ ಒಂದು ರಾಶಿ. ಹರಿದ ನೈಲಾನ್ ಬಲೆ, ಥರ್ಮಾಕೋಲ್, ಚಪ್ಪಲಿ ಇನ್ನೊಂದು ರಾಶಿ. ಈ ಎರಡನೆಯ ರಾಶಿಯನ್ನು ನೋಡಿ ಮೀನುಗಾರರ ಮೇಲೆ, ಪ್ರವಾಸಿಗಳ ಮೇಲೆ ತಪ್ಪು ಹೊರಿಸುವುದು ಸುಲಭ. ನಾನೂ ಮನಸ್ಸಿನಲ್ಲಿ ಅದನ್ನೇ ಮಾಡುತ್ತಿದ್ದೆ.

ಅಷ್ಟರಲ್ಲಿ ಜೇಬು ಬರಿದು ಮಾಡಿದ ಅದೇ ಹುಡುಗ ಒಂದು ಪ್ಲಾಸ್ಟಿಕ್ ಬಾಟಲಿ ಹಿಡಿದು ಬಂದ. ಬಣ್ಣ ಮಾಸಿತ್ತು, ಚೀಟಿ ಅರ್ಧ ಉಳಿದಿತ್ತು. "ಅಕ್ಕೋರೇ, ಇದು ನಮ್ಮನೆ ಔಷಧಿ ಬಾಟ್ಲಿ. ಅಪ್ಪ ಹೊಡೀತಾರಲ್ಲ, ಅದು." ಅದು ಅವನ ಮನೆಯದೇ ಬಾಟಲಿಯಾಗಿರಲು ಸಾಧ್ಯವಿಲ್ಲವೆಂದು ಹೇಳಬಹುದಿತ್ತು. ಆದರೆ ಆಮೇಲೆ ಹುಡುಕಿದಾಗ ಗೊಬ್ಬರ ಚೀಲದ ತುಂಡು, ಸಸಿಯ ಕಪ್ಪು ಪ್ಲಾಸ್ಟಿಕ್ ತೊಟ್ಟೆ, ತುಂತುರು ನೀರಾವರಿಯ ಕೊಳವೆಯ ಚೂರು, ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಹಾಳೆ ಎಲ್ಲವೂ ಸಿಕ್ಕವು. ಇವನ್ನು ಮೀನುಗಾರರು ತಂದದ್ದಲ್ಲ. ಮಕ್ಕಳಿಗೆ ಇವೆಲ್ಲದರ ಹೆಸರೂ ಬಾಯಿಪಾಠವಾಗಿತ್ತು. ಬಾರ್ನಕಲ್ ಎಂಬ ಹೆಸರು ಹಿಡಿಯಲು ಬೆಳಗಿನಿಂದ ಹೆಣಗಿದವರು ಇವನ್ನು ನೋಡಿದ ಕೂಡಲೇ ಹೇಳಿದರು.

ಅಜ್ಜಿಯ 'ಮೇಲಿಂದ' ಯಾವುದೆಂದು ಅವರಿಗೆ ಆಗ ಹೊಳೆಯಿತು.

ರೈತ ಬಾಂಧವರು ಇಲ್ಲಿ ಬೇಸರಿಸಬಾರದು. ಕೊಳೆರೋಗ ಬಂದ ತೋಟವನ್ನು ಔಷಧಿ ಹೊಡೆಯದೆ ಬಿಡಿ ಎಂದು ಯಾರೂ ಹೇಳಲಾರರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ನಮ್ಮ ಅಡಿಕೆಯನ್ನು ತಲೆಮಾರುಗಳಿಂದ ಕಾಪಾಡಿದೆ. ಆದರೆ ಆ ಮೈಲುತುತ್ತದಲ್ಲಿರುವ ತಾಮ್ರದ ಇನ್ನೊಂದು ಉಪಯೋಗ ಕೇಳಿ. ದೋಣಿ ಹಡಗುಗಳ ತಳಕ್ಕೆ ಬಳಿಯುವ ಬಣ್ಣದಲ್ಲಿ ತಾಮ್ರ ಸೇರಿಸುತ್ತಾರೆ. ಬಾರ್ನಕಲ್, ಸಿಂಪಿಗಳು ಅಲ್ಲಿ ಅಂಟಿ ಬದುಕಬಾರದೆಂದು! ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಿದರೆ, ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲೇ ತೊಳೆದರೆ ಮೊದಲು ಆ ಹಳ್ಳದ ಮೀನು, ಏಡಿಗಳಿಗೆ ಕುತ್ತು. ಉಳಿದ ಭಾಗ ಹೂಳಿಗೆ ಅಂಟಿಕೊಂಡು ಕೆಳಕ್ಕೆ ಸಾಗುತ್ತದೆ. ತೊಳೆದ ನೀರನ್ನು ಹಳ್ಳದಿಂದ ದೂರ, ತೋಟದ ಬದಿಯ ಗುಂಡಿಗೆ ಹೊಯ್ಯುವುದು ಎರಡು ನಿಮಿಷದ ಹೆಚ್ಚಿನ ಕೆಲಸ. ಕೀಟನಾಶಕದ ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಿದರೆ ಔಷಧಿಯೂ ಉಳಿತಾಯ. ಮಳೆ ಮೋಡ ತಲೆ ಮೇಲಿರುವಾಗ ಯೂರಿಯಾ ಎರಚಿದರೆ ಅದು ಬೆಳೆಯ ಬುಡಕ್ಕಿಂತ ಹಳ್ಳದ ದಾರಿಯನ್ನೇ ಹಿಡಿಯುತ್ತದೆ. ನಷ್ಟ ಮೊದಲು ನಮ್ಮದು, ಆಮೇಲೆ ಅಳಿವೆಯದು.

ಬಯಲುಸೀಮೆಯ ಓದುಗರು, ನಮ್ಮೂರಿಂದ ಕಡಲು ಮುನ್ನೂರು ಮೈಲಿ ದೂರ ಎನ್ನಬಹುದು. ಸಾಗರದ ಇಕ್ಕೇರಿಯ ಹತ್ತಿರ ಹುಟ್ಟುವ ವರದಾ ನದಿ ಪೂರ್ವಕ್ಕೆ ತಿರುಗಿ ತುಂಗಭದ್ರೆಗೆ, ಅದು ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಾವೇರಿ, ದಾವಣಗೆರೆ, ಬಳ್ಳಾರಿ, ರಾಯಚೂರುಗಳ ಗದ್ದೆಯ ಬಸಿನೀರಿನ ದಾರಿಯೂ ಅದೇ. ದಾರಿ ಉದ್ದವಾದರೂ ಕೊನೆ ಬೇರೆಯಲ್ಲ.

ಹೊರಡುವ ಮೊದಲು ದಂಡೆಯ ಮೇಲ್ಭಾಗದಲ್ಲಿ ಅರಣ್ಯ ಇಲಾಖೆಯವರು ಬಲೆ ಸುತ್ತಿ ಕಾಪಾಡಿದ್ದ ಒಂದು ಕಡಲಾಮೆಯ ಗೂಡನ್ನು ಮಕ್ಕಳು ನೋಡಿದರು. ಆಲಿವ್ ರಿಡ್ಲೆ ಎಂಬ ಈ ಆಮೆ ಚಳಿಗಾಲದ ರಾತ್ರಿಗಳಲ್ಲಿ ನಮ್ಮ ಕರಾವಳಿಯ ಮರಳಿಗೆ ಬಂದು ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹಿಂದಿರುಗುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಕುಂದಾಪುರದ ಕೋಡಿಯಲ್ಲಿ ಇಂಥ ಗೂಡುಗಳು ಸಿಕ್ಕಿವೆ. ಮರಿಯಾಗಲು 45ರಿಂದ 60 ದಿನ. ಮರಳಿನ ಬಿಸಿ ಹೆಚ್ಚಿದರೆ ಹೆಣ್ಣು, ಕಡಿಮೆಯಾದರೆ ಗಂಡು. ಮರಿಗಳು ರಾತ್ರಿ ಹೊರಬಿದ್ದು ಕಡಲಿನ ಹೊಳಪನ್ನು ಹಿಡಿದು ನಡೆಯುತ್ತವೆ. ದಂಡೆಯಲ್ಲಿ ವಿದ್ಯುದ್ದೀಪ ಉರಿಯುತ್ತಿದ್ದರೆ ಅದೇ ಕಡಲೆಂದು ರಸ್ತೆಯ ಕಡೆ ಬರುತ್ತವೆ. ದೊಡ್ಡದಾದ ಹೆಣ್ಣು ಸಾಮಾನ್ಯವಾಗಿ ತಾನು ಹುಟ್ಟಿದ ಪ್ರದೇಶದ ದಂಡೆಗೇ ಮರಳುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇದಕ್ಕೆ ಹುಲಿಯಷ್ಟೇ ರಕ್ಷಣೆ. ಮೊದಲೆಲ್ಲ ಮೊಟ್ಟೆ ತಿನ್ನುತ್ತಿದ್ದ ಊರುಗಳಲ್ಲೇ ಈಗ ಗೂಡು ಕಂಡವರು ಇಲಾಖೆಗೆ ತಿಳಿಸುತ್ತಾರೆ. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲವನ್ನು ಲೋಳೆ ಮೀನೆಂದು ನುಂಗಿ ಆಮೆಗಳು ಸಾಯುವುದುಂಟು ಎಂದಾಗ ಮಕ್ಕಳು ತಾವು ಹೆಕ್ಕಿದ ಎರಡನೆಯ ರಾಶಿಯ ಕಡೆ ನೋಡಿದರು. ಮರಿ ಹೊರಬರುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಇನ್ನೂ ಮೂರು ವಾರ ಬಾಕಿ ಇತ್ತು.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿಗೂ ರಜೆಯೇ ಎಂದು ಒಬ್ಬಳು ಕೇಳಿದಳು. ಆತಿಥ್ಯ ಕೊಟ್ಟ ಶಾಲೆಯ ಮೀನುಗಾರರ ಮನೆಯ ಹುಡುಗ ಉತ್ತರಿಸಿದ: "ರಜೆ ಅಲ್ಲ, ಬಾಣಂತನ." ಅವನ ಅಜ್ಜನ ಕಾಲದಲ್ಲಿ ಊರಿಗೆ ಊರೇ ಸೇರಿ ದಂಡೆಯಿಂದ ರಂಪಣಿ ಬಲೆ ಎಳೆಯುತ್ತಿದ್ದರಂತೆ. 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಕುಗ್ಗಿತು. ಈಗ ಬೆಳೆಯದ ಮರಿ ಮೀನು ಸಹ ಬಲೆಗೆ ಬಿದ್ದು ಮೀನು ಹುಡಿಯ ಕಾರ್ಖಾನೆಗೆ ಹೋಗುತ್ತದೆ. ಬಿತ್ತನೆಯ ಭತ್ತವನ್ನು ಬೇಯಿಸಿ ಉಣ್ಣುವ ಕೆಲಸ ಇದೆಂದು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಪ್ರಾಥಮಿಕ ತರಗತಿಗಳಿಗೆ ಪರಿಸರ ಅಧ್ಯಯನದ ಪುಸ್ತಕವೂ ಇದೆ. ಅದಕ್ಕೂ ಬಹಳ ಹಿಂದೆ, 1930ರ ದಶಕದಲ್ಲಿ, ಕೋಟದ ಕಡಲ ಬದಿಯಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಸಂಪುಟಗಳನ್ನು ಬರೆದಿದ್ದರು. ಪುಸ್ತಕದ ಕೊರತೆ ನಮಗೆ ಅಷ್ಟಾಗಿ ಇಲ್ಲ. ಕೊರತೆ ಇರುವುದು ಬೆಳಿಗ್ಗೆ ಏಳಕ್ಕೆ ಮಕ್ಕಳನ್ನು ಬಂಡೆಯ ಬದಿಯಲ್ಲಿ ಕೂರಿಸುವವರದು, ಆ ಬಸ್ಸಿಗೆ ದುಡ್ಡು ಹೊಂದಿಸುವವರದು. ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಕೂತಿರುವ ರೈತರು ಮುಂದಿನ ಪ್ರವಾಸದ ಪಟ್ಟಿ ಬಂದಾಗ ಅದರಲ್ಲಿ ಒಂದು ಇಳಿತದ ಹೊತ್ತು ಇದೆಯೇ ಎಂದು ಕೇಳಬಹುದು. ಕಡಲು ದೂರವಾದವರು ಊರ ಕೆರೆಯಿಂದ ಆರಂಭಿಸಬಹುದು. ಕೆರೆಯ ಕಪ್ಪೆಚಿಪ್ಪೂ ಬೆಳಚಿನ ಹಾಗೆಯೇ ನೀರು ಸೋಸಿ ಬದುಕುವ ಪ್ರಾಣಿ.

ಏಪ್ರಿಲಿನಲ್ಲಿ ಆ ಶಾಲೆಗೆ ಹೋಗಿದ್ದೆ. ತರಗತಿಯ ಗೋಡೆಯ ಮೇಲೆ ನದಿಯ ದೊಡ್ಡ ಚಿತ್ರ. ಮೇಲ್ತುದಿಯಲ್ಲಿ ಮಕ್ಕಳ ಮನೆಗಳು, ತೋಟ, ಹಳ್ಳ. ಕೆಳತುದಿಯಲ್ಲಿ ಬುಟ್ಟಿ ಹಿಡಿದ ಅಜ್ಜಿ. ಜೇಬು ಬರಿದು ಮಾಡಿದ ಹುಡುಗನ ಮನೆಯ ದಾರಿಯಲ್ಲೇ ಬಂದೆ. ತೋಟದ ಬೇಲಿಯ ಹತ್ತಿರ ಮೊಣಕಾಲುದ್ದದ ಹೊಸ ಗುಂಡಿ, ತಳಕ್ಕೆ ಇದ್ದಿಲು ಮತ್ತು ಮರಳು ಹಾಕಿತ್ತು. "ಮಳೆಗಾಲದ ಮೊದಲು ಔಷಧಿ ಹೊಡೀಬೇಕಲ್ಲ, ಡ್ರಮ್ಮು ತೊಳೆಯೋಕೆ," ಎಂದರು ಅವನ ತಂದೆ. ಸ್ವಲ್ಪ ತಡೆದು, "ಇಲ್ಲಾಂದ್ರೆ ಇವನು ಹಳ್ಳಕ್ಕೆ ಇಳಿಯೋಕೆ ಬಿಡೋದಿಲ್ಲ," ಎಂದು ನಕ್ಕರು. ಮಳೆ ಕಳೆದ ಮೇಲೆ ಕುಮಟೆಯ ಶಾಲೆಯ ಮಕ್ಕಳು ಘಟ್ಟ ಹತ್ತಿ ಬರುವುದೆಂದು ಗೊತ್ತಾಗಿದೆಯಂತೆ. ಬೆಳಚಿನ ನೀರು ಎಲ್ಲಿಂದ ಹೊರಡುತ್ತದೆಂದು ಅವರಿಗೆ ತೋರಿಸಬೇಕು. ಹುಡುಗ ಅದಕ್ಕಾಗಿ ಈಗಲೇ ಎರೆಹುಳದ ಜಾಗಗಳನ್ನು ಗುರುತು ಮಾಡಿಟ್ಟಿದ್ದಾನೆ.